ಹನ್ನೊಂದು ಹೆಂಗಸರ ಒಳ್ಳೆಯ ರಕ್ತ

ತೊಮಾಜಿಮಾ ದ್ವೀಪದ ಹನ್ನೊಂದು ಹೆಂಗಸರ ರಕ್ತದಿಂದ ತಮ್ಮ ವಿಭಾಗದ ದೆಸೆ ತಿರುಗಿತೆಂದು ಪ್ರೊಫೆಸರ್ ಇನೊಕುಚಿ ಕಂಡಕಂಡವರ ಹತ್ತಿರ ಹೇಳಿಕೊಂಡು ಓಡಾಡುತ್ತಿದ್ದರು. ಆ ರಕ್ತವನ್ನು ಮೂರು ವರ್ಷ ದೋಣಿಯಲ್ಲಿ ಹೊತ್ತು ತಂದು, ಯಂತ್ರಕ್ಕಿಟ್ಟು, ಅಂಕಿ ಬರೆದು, ಕಣ್ಣು ಕೆಂಪಗೆ ಮಾಡಿಕೊಂಡವಳು ಕುವಾಬಾರ ತೊಮೊಎ. ಅವಳು ಮಾತ್ರ ಯಾರ ಹತ್ತಿರವೂ ಏನೂ ಹೇಳುತ್ತಿರಲಿಲ್ಲ. ಸಂತೋಷವಾದಾಗ ಬಾಯಿ ಮುಚ್ಚಿಕೊಂಡಿರುವುದು ಅವಳ ಹುಟ್ಟುಗುಣ. ಬಾಯಿಬಿಟ್ಟರೆ ಯಾರಾದರೂ ಬಂದು ಅದನ್ನು ಕಿತ್ತುಕೊಂಡು ಹೋದಾರು ಎಂಬ ಅಂಜಿಕೆ.

ಮೂವತ್ತಾರು ವರ್ಷದ ತೊಮೊಎ ಆಸ್ಪತ್ರೆಯ ಜೀವರಸಾಯನ ವಿಭಾಗದಲ್ಲಿ ಸಂಶೋಧಕಿ. ಸಕ್ಕರೆ ಕಾಯಿಲೆ ಇರುವವರ ಮೈ ತಿಂದ ಅನ್ನವನ್ನು ಏನು ಮಾಡುತ್ತದೆ, ಎಲ್ಲಿ ಇಡುತ್ತದೆ, ಎಷ್ಟು ಪೋಲು ಮಾಡುತ್ತದೆ ಎಂದು ನೋಡುವುದು ಅವಳ ಕೆಲಸ. ಕೆಲಸವೇನೋ ಅವಳಿಗೆ ಪ್ರಾಣ, ಆದರೆ ಆ ಕುರ್ಚಿ ಅವಳದಲ್ಲ. ಮಾರ್ಚ್ ಕೊನೆಗೆ ಅವಧಿ ಮುಗಿಯುತ್ತಿತ್ತು. ದ್ವೀಪದ ಮೇಲಿನ ಲೇಖನ ಅಚ್ಚಾದರೆ ಕಾಯಂ ಮಾಡಿಸುವ ಹೊಣೆ ನನ್ನದು ಎಂದು ಪ್ರೊಫೆಸರ್ ಮಾತು ಕೊಟ್ಟಿದ್ದರು. ಲೇಖನ ವಿಜ್ಞಾನ ಪತ್ರಿಕೆಯವರ ಕೈ ಸೇರಿಯಾಗಿತ್ತು. ಉತ್ತರವೊಂದು ಬರಬೇಕಿತ್ತು.

ಆ ಲೇಖನದಲ್ಲಿದ್ದ ವಿಷಯ ಇಷ್ಟು. ನಮ್ಮ ರಕ್ತದಲ್ಲಿ ಸಕ್ಕರೆಯ ದೂರದ ನೆಂಟನಂಥ ಒಂದು ವಸ್ತುವಿದೆ. ಅದರ ಉದ್ದನೆಯ ಹೆಸರನ್ನು ಲ್ಯಾಬಿನಲ್ಲೂ ಯಾರೂ ಪೂರ್ತಿ ಹೇಳುವ ತೊಂದರೆ ತೆಗೆದುಕೊಳ್ಳುವುದಿಲ್ಲ, ಎಜಿ ಎಂದು ಕರೆದು ಸುಮ್ಮನಾಗುತ್ತಾರೆ. ಊಟದಿಂದ ಅದು ಚೂರುಪಾರು ಒಳಗೆ ಬರುತ್ತದೆ, ಮೂತ್ರಪಿಂಡ ಅದನ್ನು ಹೊರಗೆ ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ. ಆದರೆ ರಕ್ತದಲ್ಲಿ ಸಕ್ಕರೆ ಉಕ್ಕಿ ಮೂತ್ರಕ್ಕೆ ಇಳಿಯಿತೋ, ಆ ನೂಕುನುಗ್ಗಲಿನಲ್ಲಿ ಇದೂ ಕೊಚ್ಚಿಕೊಂಡು ಹೋಗುತ್ತದೆ. ಹಾಗಾಗಿ ಎಜಿ ಹದಿನಾಲ್ಕಕ್ಕಿಂತ ಮೇಲಿದ್ದರೆ ಇತ್ತೀಚಿನ ದಿನಗಳಲ್ಲಿ ಸಕ್ಕರೆ ಉಕ್ಕಿಲ್ಲವೆಂದು ಅರ್ಥ. ಮೂರಕ್ಕೋ ನಾಲ್ಕಕ್ಕೋ ಇಳಿದಿದ್ದರೆ ಆ ಮನುಷ್ಯ ಊಟ ಮಾಡಿದಾಗಲೆಲ್ಲ ಒಳಗೆ ಪ್ರವಾಹ ಬರುತ್ತಿದೆ ಎಂದೇ ಲೆಕ್ಕ.

ತೊಮಾಜಿಮಾದಲ್ಲಿ ಸಕ್ಕರೆ ಕಾಯಿಲೆಯ ಹೆಂಗಸರು ಇಪ್ಪತ್ತಾರು ಮಂದಿ. ಅವರಲ್ಲಿ ಹದಿನೈದು ಮಂದಿಯ ಎಜಿ ಎಲ್ಲರ ಹಾಗೆ ಪಾತಾಳಕ್ಕೆ ಇಳಿದಿತ್ತು. ಉಳಿದ ಹನ್ನೊಂದು ಮಂದಿಗೆ ಮೂರು ತಿಂಗಳ ಸರಾಸರಿ ಸಕ್ಕರೆ ಜಾಸ್ತಿಯೇ ಇದ್ದರೂ ಎಜಿ ಮಾತ್ರ ಇಪ್ಪತ್ತು, ಇಪ್ಪತ್ತೆರಡು, ಇಪ್ಪತ್ತೈದು! ಇಂಥದ್ದನ್ನು ತೊಮೊಎ ಎಲ್ಲೂ ನೋಡಿರಲಿಲ್ಲ. ಏನು ತಿನ್ನುತ್ತೀರಿ ಎಂದು ಕೇಳಿದಳು. ಊಟಕ್ಕೆ ಮುಂಚೆ ಒಂದು ಬಟ್ಟಲು ಮೆಕಾಬು ಅಂದರು. ವಾಕಾಮೆ ಕಡಲಸೊಪ್ಪಿನ ಬುಡದ ಲೋಳೆ ಲೋಳೆ ಭಾಗ ಅದು, ದ್ವೀಪದ ಜೀವನಾಧಾರ. ಆ ಲೋಳೆ ಹೊಟ್ಟೆಯಲ್ಲಿ ಅನ್ನವನ್ನು ಸುತ್ತಿಕೊಂಡು ಸಕ್ಕರೆ ಮೆಲ್ಲಗೆ ಇಳಿಯುವಂತೆ ಮಾಡುತ್ತದೆ ಎಂದು ತೊಮೊಎ ಊಹಿಸಿದಳು. ದಿನಾ ತಿನ್ನುತ್ತೀರಾ ಎಂದು ಕೇಳಿದಾಗ, ಅಷ್ಟು ದೂರದಿಂದ ಸಮುದ್ರ ದಾಟಿ ಬಂದ ಸೆನ್ಸೇಯ, ಅಂದರೆ ಮೇಡಮ್ಮಿನ, ಮುಖ ಸಣ್ಣದು ಮಾಡುವುದೇಕೆಂದು ಎಲ್ಲರೂ ದಿನಾ ತಿನ್ನುತ್ತೇವೆ ಎಂದಿದ್ದರು. ಆ ಉತ್ತರವೂ ಲೇಖನದಲ್ಲಿ ಒಂದು ಕೋಷ್ಟಕವಾಗಿತ್ತು.

ಜಿಲ್ಲೆಯ ಪತ್ರಿಕೆಯಲ್ಲಿ ಸುದ್ದಿ ಬಂತು. ಮೀನುಗಾರರ ಸಹಕಾರ ಸಂಘದ ಮುಖ್ಯಸ್ಥ ದೊಯಿ-ಸಾನ್ ಅದನ್ನು ದೊಡ್ಡದು ಮಾಡಿಸಿ, ವಾಕಾಮೆಗೆ ಉಪ್ಪು ಹಾಕಿಡುವ ಕೊಟ್ಟಿಗೆಯ ಗೋಡೆಗೆ ಅಂಟಿಸಿದ. ಹನ್ನೊಂದು ಹೆಂಗಸರು ತಾವೇ ಕಂಡುಹಿಡಿದಷ್ಟು ಬೀಗಿದರು. ಡಾಕ್ಟರು ಮಾತ್ರೆ ಜಾಸ್ತಿ ಮಾಡುತ್ತೇನೆಂದರೆ, ಬೇಡ ಬಿಡಿ, ನಮ್ಮ ಎಜಿ ಇಪ್ಪತ್ತೆರಡಿದೆ ಅನ್ನುವಷ್ಟು ಜೋರಾದರು.

ಫೆಬ್ರವರಿಯಲ್ಲಿ, ಯಾರು ಎಷ್ಟು ಮೆಕಾಬು ತಿನ್ನುತ್ತಾರೆಂದು ಕಣ್ಣಾರೆ ನೋಡಿ ಫೋಟೊ ತೆಗೆಯಲು ತೊಮೊಎ ಮತ್ತೆ ದ್ವೀಪಕ್ಕೆ ಹೊರಟಳು. ವಿಜ್ಞಾನ ಪತ್ರಿಕೆಯವರು ಕೇಳಿದರೆ ತೋರಿಸಲು ಇರಲಿ ಎಂದು. ಜೆಟ್ಟಿಯಲ್ಲಿ ಆರೋಗ್ಯ ಇಲಾಖೆಯ ನರ್ಸ್ ಕಾಜಿ-ಸಾನ್ ತನ್ನ ಬಿಳಿಯ ಪುಟ್ಟ ಟ್ರಕ್ಕಿನೊಂದಿಗೆ ಕಾದಿದ್ದಳು. ಐವತ್ತು ದಾಟಿದ ಕಾಜಿ-ಸಾನ್‌ಗೆ ದ್ವೀಪದಲ್ಲಿ ಯಾರ ಮನೆಯ ಬೆಕ್ಕು ಎಷ್ಟು ಮರಿ ಹಾಕಿತು ಎಂಬುದೂ ಗೊತ್ತು. ನಿಮ್ಮ ಹನ್ನೊಂದು ರಾಣಿಯರು ಈಗ ಯಾರ ಮಾತೂ ಕೇಳುವುದಿಲ್ಲ, ಮಿಕಾನ್ ಕಿತ್ತಳೆಯನ್ನು ಬುಟ್ಟಿಗಟ್ಟಲೆ ಸುಲಿದು ತಿನ್ನುತ್ತಿದ್ದಾರೆ ಎಂದು ದಾರಿಯುದ್ದಕ್ಕೂ ದೂರಿದಳು. ತೊಮೊಎ ನಕ್ಕಳು. ಆ ನಗು ಅರ್ಧ ಗಂಟೆಯಷ್ಟೇ ಬಾಳಿತು.

ಮೊದಲ ಮನೆ ಓಗಾತಾ ಸುಗಿನೊ ಅಜ್ಜಿಯದು. ಎಪ್ಪತ್ನಾಲ್ಕು ವರ್ಷ, ಕುಳ್ಳು, ಗಟ್ಟಿ ದನಿ. ವಾಕಾಮೆ ಕೊಟ್ಟಿಗೆಯಲ್ಲಿ ಉಪ್ಪು ಹಾಕುವ ಹೆಂಗಸರಿಗೆಲ್ಲ ನಲವತ್ತು ವರ್ಷದಿಂದ ಅವಳೇ ಯಜಮಾನಿ. ಅವಳು ಹೂಂ ಅನ್ನದೆ ಒಂದು ತೊಟ್ಟಿಯೂ ಮುಚ್ಚುವಂತಿರಲಿಲ್ಲ. ಕಾಜಿ-ಸಾನ್ ತೊಮೊಎಯನ್ನು ಬಾಗಿಲಲ್ಲಿ ಇಳಿಸಿ ಪಕ್ಕದ ಮನೆಯವರ ರಕ್ತದೊತ್ತಡ ನೋಡಲು ಹೋದಳು.

ಸುಗಿನೊ ಅಜ್ಜಿ ಮೆಕಾಬು ಬಟ್ಟಲು ತರಲು ಎದ್ದಾಗ ತೊಮೊಎಗೆ ಅವಳ ಎಡಗಾಲಿನ ಕಾಲುಚೀಲ ಒದ್ದೆಯಾಗಿರುವುದು ಕಾಣಿಸಿತು. ನೀರು ತುಳಿದಿರಾ ಎಂದು ಕೇಳಿದಳು. ಇಲ್ಲವಲ್ಲ ಎಂದು ಅಜ್ಜಿ ತಾನೇ ಬಗ್ಗಿ ನೋಡಿ, ಕಾಲುಚೀಲ ಎಳೆದಳು. ಹಿಮ್ಮಡಿಯ ಮೇಲೆ ಅಂಗೈ ಅರ್ಧದಷ್ಟು ಚರ್ಮ ಬೆಂದು, ಗುಳ್ಳೆಯೊಡೆದು, ಕೀವು ಕಟ್ಟುವ ಹಂತಕ್ಕೆ ಬಂದಿತ್ತು. ಹಾಸಿಗೆಯಲ್ಲಿ ಕಾಲ ಹತ್ತಿರ ಇಟ್ಟುಕೊಳ್ಳುವ ಬಿಸಿನೀರಿನ ಯುತಾನ್ಪೊ ಸುಟ್ಟ ಗಾಯ ಅದು. ಎಷ್ಟು ದಿನದ್ದೋ ಏನೋ.

"ನೋವಾಗ್ಲಿಲ್ವಾ ಅಜ್ಜಿ?"

"ಆಗಿದ್ರೆ ಗೊತ್ತಾಗ್ತಿತ್ತಲ್ಲ. ಒಂದು ವರ್ಷದಿಂದ ಕಾಲಿಗೆ ಚಳಿನೂ ಇಲ್ಲ, ಬಿಸಿನೂ ಇಲ್ಲ. ಆರಾಮಾಗಿದೆ."

ತೊಮೊಎ ಆ ಕಾಲನ್ನು ಬೆಳಕಿಗೆ ತಿರುಗಿಸಿ ನೋಡಿದಳು. ಕಾಲಿನ ನರ ಸಾಯುವುದು ಸಕ್ಕರೆ ಉಕ್ಕಿ ಉಕ್ಕಿ ಹರಿದವರಿಗೆ. ಎಜಿ ಇಪ್ಪತ್ತೆರಡು ಇರುವವಳ ಕಾಲು ಬಿಸಿನೀರಿಗೆ ಬೇಯಬಾರದು. ಕಣ್ಣು ಹೇಗಿದೆ ಎಂದು ಕೇಳಿದಳು. ಎಡಗಣ್ಣಿನಲ್ಲಿ ಸೊಳ್ಳೆ ಹಾರಿದ ಹಾಗೆ ಏನೋ ಹಾರುತ್ತಿರುತ್ತದೆ, ವಯಸ್ಸಾಯಿತಲ್ಲ ಎಂದಳು ಅಜ್ಜಿ. ತೊಮೊಎ ಡಾಕ್ಟರಲ್ಲದಿದ್ದರೂ ಅದರ ಅರ್ಥ ಗೊತ್ತಾಗದಷ್ಟು ದಡ್ಡಿಯಲ್ಲ. ಮೂರು ವರ್ಷ ತಾನು ಹೊತ್ತು ತಿರುಗಿದ ಅಂಕಿ ಒಂದು ಕಡೆ, ಎದುರಿಗಿದ್ದ ಹಿಮ್ಮಡಿ ಇನ್ನೊಂದು ಕಡೆ. ಎರಡರಲ್ಲಿ ಒಂದು ಸುಳ್ಳು ಹೇಳುತ್ತಿತ್ತು, ಮತ್ತು ಹಿಮ್ಮಡಿಗೆ ಸುಳ್ಳು ಹೇಳಲು ಬರುವುದಿಲ್ಲ.

ಮೊದಲು ಮುಲಾಮು ಹಚ್ಚೋಣ ಎಂದು ತೊಮೊಎ ಎದ್ದಳು. ಕಪಾಟಿನ ಮೇಲೆ ಕೆಂಪು ಪೆಟ್ಟಿಗೆ ಇದೆ, ಅದರಲ್ಲಿದೆ ಎಂದು ಅಜ್ಜಿ ಅಭ್ಯಾಸಬಲದಿಂದ ಹೇಳಿಬಿಟ್ಟಳು. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು, ಆದರೆ ಅಷ್ಟರಲ್ಲಿ ಪೆಟ್ಟಿಗೆ ತೊಮೊಎಯ ಕೈಯಲ್ಲಿತ್ತು. ವರ್ಷಕ್ಕೆ ಎರಡು ಸಲ ತೊಯಾಮಾದಿಂದ ದೋಣಿಯಲ್ಲಿ ಬಂದು, ಮನೆಮನೆಯ ಔಷಧಿ ಪೆಟ್ಟಿಗೆ ತೆರೆದು, ಖಾಲಿಯಾದದ್ದನ್ನು ತುಂಬಿ, ದುಡ್ಡು ತೆಗೆದುಕೊಂಡು ಹೋಗುವ ಔಷಧಿ ವ್ಯಾಪಾರಿಯ ಪೆಟ್ಟಿಗೆ. ತೊಮೊಎಯ ಸ್ವಂತ ಅಜ್ಜಿಯ ಮನೆಯಲ್ಲೂ ಇಂಥದ್ದೊಂದು ಇತ್ತು. ಹೊಟ್ಟೆನೋವಿನ ಗುಳಿಗೆ, ನೆಗಡಿಯ ಪುಡಿ, ಬೆನ್ನಿನ ಪಟ್ಟಿ, ಮುಲಾಮು. ಇವೆಲ್ಲದರ ಕೆಳಗೆ ಉಳಿದ ಯಾವುದೂ ಇರದಷ್ಟು ದಂಡಿಯಾಗಿ, ಅರ್ಧಕ್ಕರ್ಧ ಖಾಲಿಯಾದ ಸಣ್ಣ ಪೊಟ್ಟಣಗಳ ಕಟ್ಟುಗಳು. ಮೇಲೆ ಬರೆದಿತ್ತು: ವಯಸ್ಸಾದವರ ಮರೆವಿಗೆ.

ಸುಗಿನೊ ಅಜ್ಜಿ ಬೆಂದ ಕಾಲಿನಲ್ಲೇ ಎದ್ದು ಬಂದು ಕಟ್ಟನ್ನು ಕಿತ್ತುಕೊಂಡಳು.

ಔಷಧಿ ಏನಾದರೂ ತೆಗೆದುಕೊಳ್ಳುತ್ತೀರಾ ಎಂದು ಮೂರು ವರ್ಷವೂ ಕೇಳಿದ್ದೆನಲ್ಲ ಅಜ್ಜಿ ಎಂದು ತೊಮೊಎ ಮೆಲ್ಲಗೆ ಹೇಳಿದಳು. ನೀನು ಕೇಳಿದ್ದು ಔಷಧಿ ಪುಸ್ತಕ ತೋರಿಸು ಎಂದು, ಡಾಕ್ಟರು ಕೊಟ್ಟದ್ದೆಲ್ಲ ಅದರಲ್ಲಿದೆ, ಪೆಟ್ಟಿಗೆಯಲ್ಲಿರುವುದೂ ಒಂದು ಔಷಧಿಯೇನು ಎಂದು ಅಜ್ಜಿ ವಾದಕ್ಕಿಳಿದಳು. ಅದೂ ನಿಜವೇ. ದ್ವೀಪದಲ್ಲಿ ಯಾರನ್ನು ಕೇಳಿದರೂ ಡಾಕ್ಟರು ಕೊಟ್ಟದ್ದು ಔಷಧಿ, ಪೆಟ್ಟಿಗೆಯಲ್ಲಿರುವುದು ಪೆಟ್ಟಿಗೆಯದು. ತೊಮೊಎಯ ಪ್ರಶ್ನಾವಳಿಯಲ್ಲಿ ಪೆಟ್ಟಿಗೆಗೆ ಜಾಗವಿರಲಿಲ್ಲ.

ಕೊನೆಗೆ ಅಜ್ಜಿಯ ದನಿ ಇಳಿಯಿತು. ನಾಲ್ಕು ವರ್ಷದ ಹಿಂದೆ ಒಂದು ದೊಡ್ಡ ತೊಟ್ಟಿ ವಾಕಾಮೆಗೆ ಎರಡು ಸಲ ಉಪ್ಪು ಬಿದ್ದು ಪೂರ್ತಿ ಹಾಳಾಗಿತ್ತಂತೆ. ಉಪ್ಪು ಹಾಕಿದವಳು ತಾನೇ. ಹಾಕಿದ್ದು ಮರೆತು ಇನ್ನೊಂದು ಸಲ ಹಾಕಿರಬೇಕು. ಯಾರು ಎಂದು ಯಾರೂ ಕೇಳಲಿಲ್ಲ, ತಾನೂ ಹೇಳಲಿಲ್ಲ. ಪೆಟ್ಟಿಗೆಯವನು ಬಂದಾಗ ಕಿವಿಯಲ್ಲಿ ಕೇಳಿ ಈ ಪುಡಿ ತರಿಸಿಕೊಂಡಳು. ಪುಣ್ಯಾತ್ಮ, ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟ, ಇವತ್ತಿಗೂ ಹೇಳಿಲ್ಲ.

"ಗೊತ್ತಾದ್ರೆ ಬೈಯೋದಿಲ್ಲ ಅವ್ರು. ಬೈದ್ರೆ ನಾನೂ ಬೈತೀನಿ. ಒಂದು ಕುರ್ಚಿ ಹಾಕ್ತಾರೆ. ಕೂತ್ಕೊಳಿ ಅಜ್ಜಿ, ಚಹಾ ಕುಡೀರಿ, ನಾವು ಮಾಡ್ತೀವಿ ಅಂತಾರೆ. ಆ ಕುರ್ಚಿ ಕಂಡ್ರೆ ನಂಗೆ ಭಯ, ಸೆನ್ಸೇ. ಯಾರಿಗೂ ಹೇಳ್ಬೇಡ."

ತೊಮೊಎ ಹೇಳುವುದಿಲ್ಲ ಎಂದು ಮಾತು ಕೊಟ್ಟಳು. ಗಾಯಕ್ಕೆ ಪಟ್ಟಿ ಕಟ್ಟಿ, ಕಾಜಿ-ಸಾನ್‌ಗೆ ಕಾಲು ತೋರಿಸಿ, ಡಾಕ್ಟರ ಹತ್ತಿರ ಕರೆದೊಯ್ಯಲು ಹೇಳಿದಳು. ಪುಡಿಯ ಎರಡು ಕಟ್ಟು ಕೇಳಿ ಪಡೆದು ಚೀಲದೊಳಗಿಟ್ಟುಕೊಂಡಳು. ಬೇರೆ ಯಾವ ಮನೆಗೂ ಹೋಗದೆ ಮಧ್ಯಾಹ್ನದ ದೋಣಿ ಹಿಡಿದಳು.

ಲ್ಯಾಬಿಗೆ ಬಂದವಳೇ ಮಾಡಿದ ಮೊದಲ ಕೆಲಸ, ಎಜಿ ಅಳೆಯುವ ದ್ರಾವಣದ ಡಬ್ಬಿಯೊಳಗೆ ಮಡಚಿಟ್ಟಿರುವ ಕಾಗದವನ್ನು ಬಿಡಿಸಿದ್ದು. ಮೂರು ವರ್ಷದಲ್ಲಿ ಇಂಥ ನೂರು ಕಾಗದಗಳನ್ನು ಅವಳು ಬಿಡಿಸದೆಯೇ ಕಸದ ಬುಟ್ಟಿಗೆ ಹಾಕಿದ್ದಳು. ಇರುವೆಯ ಸಾಲಿನಂಥ ಅಕ್ಷರಗಳು. ಎರಡನೆಯ ಪುಟದ ಕೆಳಗೆ ಒಂದು ಸಾಲು: ಒಂಜಿ ಎಂಬ ಬೇರು ಸೇರಿದ ಗಿಡಮೂಲಿಕೆಯ ಔಷಧಿ ಸೇವಿಸುವವರಲ್ಲಿ ಅಂಕಿ ನಿಜಕ್ಕಿಂತ ಹೆಚ್ಚು ಬರಬಹುದು. ಪುಡಿಯ ಪೊಟ್ಟಣ ತಿರುಗಿಸಿದಳು. ಅದರಲ್ಲಿ ಇದ್ದದ್ದು ಒಂದೇ ಬೇರು, ಒಂಜಿ. ಆ ಬೇರಿನೊಳಗೇ ಎಜಿ ತುಂಬಿಕೊಂಡಿದೆ. ಸಕ್ಕರೆ ಇತ್ತ ಎಜಿಯನ್ನು ಕೊಚ್ಚಿಕೊಂಡು ಹೋಗುತ್ತಿದ್ದರೆ ಪುಡಿ ಅತ್ತ ತುಂಬುತ್ತಿತ್ತು. ಯಂತ್ರ ಪಾಪ ಒಟ್ಟು ಎಷ್ಟಿದೆಯೋ ಅಷ್ಟನ್ನೇ ಹೇಳಿತ್ತು.

ತೊಮೊಎ ಆವತ್ತು ಅಲ್ಲೇ ಕೂತು ಅತ್ತಳು. ಮೆಕಾಬುಗಾಗಿ ಅತ್ತಳೋ, ಕೆಲಸಕ್ಕಾಗಿಯೋ, ಆ ಹಿಮ್ಮಡಿಗಾಗಿಯೋ ಅವಳಿಗೇ ಬಿಡಿಸಿ ಹೇಳಲಾಗುತ್ತಿರಲಿಲ್ಲ. ಮೂರೂ ಇದ್ದವು. ಆಮೇಲೆ ಮುಖ ತೊಳೆದುಕೊಂಡು ತನ್ನ ತೋಳಿನಿಂದ ತಾನೇ ರಕ್ತ ತೆಗೆದು ಅಳೆದಳು. ಹತ್ತೊಂಬತ್ತು. ಪುಡಿಯನ್ನು ಬಿಸಿನೀರಿಗೆ ಹಾಕಿ ಕುಡಿದಳು. ಮಣ್ಣು ಕಲಸಿದ ಕಷಾಯದ ರುಚಿ. ಹತ್ತು ದಿನ ದಿನಕ್ಕೆ ಮೂರು ಹೊತ್ತು ಕುಡಿದು ಮತ್ತೆ ಅಳೆದಾಗ ಮೂವತ್ತೇಳು ಬಂತು.

ಪ್ರೊಫೆಸರ್ ಇನೊಕುಚಿ ಎರಡು ಅಂಕಿಯನ್ನೂ ಕಾಗದವನ್ನೂ ಮೇಜಿನ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಅವರು ಸಿಡುಕಿನ ಮನುಷ್ಯ, ಬೆಳಗಿನ ಚಹಾ ತಣ್ಣಗಿದ್ದರೂ ಇಡೀ ಮಹಡಿಗೆ ಕೇಳಿಸುವ ಹಾಗೆ ಕೂಗಾಡುವವರು. ಆವತ್ತು ಕೂಗಾಡಲಿಲ್ಲ. ಈ ಕಾಗದ ನೀನು ಯಾವತ್ತೂ ಓದಿರಲಿಲ್ಲವೇ ಎಂದು ಕೇಳಿದರು. ಇಲ್ಲ ಎಂದಳು ತೊಮೊಎ.

"ನಾನೂ ಓದಿಲ್ಲ, ಕುವಾಬಾರ-ಕುನ್. ಮೂವತ್ತು ವರ್ಷ ಆಯ್ತು."

ಲೇಖನ ವಾಪಸ್ ತೆಗೆದುಕೊಳ್ಳುವ ಪತ್ರಕ್ಕೆ ಇಬ್ಬರೂ ಸಹಿ ಹಾಕಿದರು. ಕಾಯಂ ಮಾಡಿಸುವ ಮಾತನ್ನು ಇಬ್ಬರೂ ಎತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ, ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಮಾರ್ಚ್ ಶುರುವಾಗಿತ್ತು.

ಆದರೆ ತೊಮೊಎಯ ತಲೆ ತಿನ್ನುತ್ತಿದ್ದದ್ದು ಬೇರೆಯೇ. ಸುಗಿನೊ ಅಜ್ಜಿಯ ಕಾಲೇನೋ ಕಣ್ಣಿಗೆ ಬಿತ್ತು. ಉಳಿದ ಹತ್ತು ಮಂದಿಯ ಹಿಮ್ಮಡಿ, ಕಣ್ಣು ಏನಾಗಿವೆಯೋ. ಅವರೂ ಪುಡಿ ಕುಡಿಯುತ್ತಿದ್ದರೆ ಅವರ ಒಳ್ಳೆಯ ರಕ್ತವೆಲ್ಲ ಬರೀ ಬೇರಿನ ಕಷಾಯ. ಯಾಕೆಂದು ಹೇಳದೆ ಕಾಜಿ-ಸಾನ್‌ಗೆ ಫೋನ್ ಮಾಡಿ, ಪೆಟ್ಟಿಗೆಯಿಂದ ಏನಾದರೂ ತೆಗೆದುಕೊಳ್ಳುತ್ತೀರಾ ಎಂದು ಹತ್ತೂ ಜನರನ್ನು ಕೇಳಿಸಿದಳು. ಹತ್ತೂ ಜನ ಇಲ್ಲವೆಂದರು. ಒಬ್ಬಳಂತೂ ಪೆಟ್ಟಿಗೆಯೇ ಇಲ್ಲ ಎಂದಳಂತೆ, ಕಾಜಿ-ಸಾನ್ ಅದೇ ಪೆಟ್ಟಿಗೆಯ ಮೇಲೆ ಬಿಪಿ ಯಂತ್ರ ಇಟ್ಟು ಅಳೆಯುತ್ತಿದ್ದರೂ. ಡಾಕ್ಟರ ಹತ್ತಿರ ಹೋಗಿ ಎಂದರೆ, ಎಜಿ ಚೆನ್ನಾಗಿದೆಯಲ್ಲ ಎಂದು ನಗುತ್ತಿದ್ದರು. ಆ ನಗುವನ್ನು ಅವರ ಬಾಯಿಗೆ ಹಾಕಿದವಳು ತೊಮೊಎ. ತೆಗೆಯಬೇಕಾದವಳೂ ಅವಳೇ, ಅದೂ ಸುಗಿನೊ ಅಜ್ಜಿಗೆ ಕೊಟ್ಟ ಮಾತು ಮುರಿಯದೆ.

ವರ್ಷಕ್ಕೊಮ್ಮೆ ಫಲಿತಾಂಶ ವಿವರಿಸುವ ಸಭೆ ಮಾರ್ಚ್ ಎರಡನೆಯ ವಾರ ದ್ವೀಪದ ಸಮುದಾಯ ಭವನದಲ್ಲಿತ್ತು. ಬೆಳಗ್ಗೆ ಹತ್ತು ಗಂಟೆ. ಹೆಂಗಸರು ಮೆತ್ತೆ ಹಾಕಿಕೊಂಡು ಸಾಲಾಗಿ ಕೂತಿದ್ದರು. ದೊಯಿ-ಸಾನ್ ಮೆಕಾಬು ಪೊಟ್ಟಣಕ್ಕೆ ಹೊಸ ಚೀಟಿಯ ಮಾದರಿ ಹಿಡಿದು ಮುಂದಿನ ಸಾಲಿನಲ್ಲೇ ಇದ್ದ. ಸುಗಿನೊ ಅಜ್ಜಿ ಪಟ್ಟಿ ಕಟ್ಟಿದ ಕಾಲನ್ನು ಚಾಚಿಕೊಂಡು, ಯುತಾನ್ಪೊ ನನ್ನನ್ನು ಕಚ್ಚಿತು ಎಂದು ಅಕ್ಕಪಕ್ಕದವರನ್ನು ನಗಿಸುತ್ತಿದ್ದಳು.

ತೊಮೊಎ ಎದ್ದು ನಿಂತು ಮೊದಲು ನಡು ಬಗ್ಗಿಸಿ ತಲೆ ತಗ್ಗಿಸಿದಳು. ಬಹಳ ಹೊತ್ತು ಎತ್ತಲಿಲ್ಲ. ಎತ್ತಿದ ಮೇಲೆ, ನಾನು ನಿಮಗೆ ಮೂರು ವರ್ಷ ತಪ್ಪು ಹೇಳಿದೆ ಎಂದಳು. ಮೆಕಾಬು ಒಳ್ಳೆಯ ಆಹಾರವೇ, ಆದರೆ ನಿಮ್ಮ ಅಂಕಿ ಚೆನ್ನಾಗಿ ಕಂಡದ್ದು ಅದರಿಂದಲ್ಲ. ಡಬ್ಬಿಯಲ್ಲಿದ್ದ ಕಾಗದ ನಾನು ಓದಬೇಕಿತ್ತು, ಓದಲಿಲ್ಲ. ಲೇಖನ ವಾಪಸ್ ತೆಗೆದುಕೊಂಡಿದ್ದೇನೆ. ಹೀಗೆ ಒಂದೊಂದನ್ನೂ ಬಿಡಿಸಿ ಹೇಳಿದಳು. ದೊಯಿ-ಸಾನ್ ಕೈಯಲ್ಲಿದ್ದ ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡ.

ಆಮೇಲೆ ಪುಡಿಯ ಒಂದು ಪೊಟ್ಟಣವನ್ನು ಎತ್ತಿ ತೋರಿಸಿದಳು. ಮರೆವಿಗೆ ಕೊಡುವ ಈ ಪುಡಿಯನ್ನು ನಾನೇ ಹತ್ತು ದಿನ ಕುಡಿದೆ, ನನ್ನ ಎಜಿ ಹತ್ತೊಂಬತ್ತರಿಂದ ಮೂವತ್ತೇಳಕ್ಕೆ ಏರಿತು ಎಂದಳು. ಇದನ್ನು ಕುಡಿಯುವವರು ಇಲ್ಲಿದ್ದರೆ ಅವರ ಅಂಕಿ ಸುಳ್ಳು, ಒಳಗೆ ಸಕ್ಕರೆ ಉಕ್ಕುತ್ತಿರಬಹುದು, ಕಣ್ಣಿಗೂ ಕಾಲಿಗೂ ಅಪಾಯ. ಯಾರು ಎಂದು ನಾನು ಕೇಳುವುದಿಲ್ಲ. ದಯವಿಟ್ಟು ಪುಡಿ ನಿಲ್ಲಿಸಿ, ಡಾಕ್ಟರನ್ನು ಕಾಣಿ.

ಎಲ್ಲರೂ ತಮ್ಮ ತಮ್ಮ ಮಂಡಿ ನೋಡಿಕೊಂಡು ಕೂತರು. ಪೆಟ್ಟಿಗೆ ಇಲ್ಲವೆಂದವಳು ಮೆತ್ತೆಯ ದಾರ ಕೀಳುತ್ತಿದ್ದಳು. ಸುಗಿನೊ ಅಜ್ಜಿ ಮಾತ್ರ ತೊಮೊಎಯನ್ನೇ ನೆಟ್ಟ ನೋಟದಿಂದ ನೋಡುತ್ತಿದ್ದಳು. ಆ ನೋಟದಲ್ಲಿ ಸಿಟ್ಟಿದೆಯೋ ಬೇರೇನಿದೆಯೋ ತೊಮೊಎಗೆ ತಿಳಿಯಲಿಲ್ಲ. ಸಭೆ ಹೀಗೇ ಮುಗಿದರೆ ಎಲ್ಲರೂ ಮನೆಗೆ ಹೋಗಿ ಬಾಯಿ ಹೊಲಿದುಕೊಂಡು ಪುಡಿ ಕುಡಿಯುತ್ತಾರೆ, ಒಬ್ಬೊಬ್ಬರದೇ ಕಣ್ಣು ಮಂಜಾಗುತ್ತದೆ, ತಾನು ಆ ಹೊತ್ತಿಗೆ ಇಲ್ಲಿ ಇರುವುದೂ ಇಲ್ಲ. ಇಷ್ಟೇ ಅವಳ ತಲೆಯಲ್ಲಿ ಸುತ್ತುತ್ತಿತ್ತು.

ಸುಗಿನೊ ಅಜ್ಜಿ ಪಕ್ಕದವಳ ಭುಜ ಹಿಡಿದು ಎದ್ದು ನಿಂತಳು.

"ಸೆನ್ಸೇ ತನ್ನ ತಪ್ಪು ಒಪ್ಕೊಂಡಾಯ್ತು. ಈಗ ನಂದು. ಆ ಪುಡಿ ನಾನು ಕುಡೀತೀನಿ. ನಾಲ್ಕು ವರ್ಷದಿಂದ. ಆವತ್ತು ತೊಟ್ಟಿಗೆ ಎರಡು ಸಲ ಉಪ್ಪು ಹಾಕಿ ಹಾಳು ಮಾಡಿದ್ದು ನಾನೇ. ಹಾಕಿದ್ದು ಮರ್ತು ಮತ್ತೆ ಹಾಕ್ದೆ. ಈಗ ಕುರ್ಚಿ ಹಾಕೋರು ಹಾಕಿ."

ಯಾರೂ ಕುರ್ಚಿ ಹಾಕಲಿಲ್ಲ. ಮೂರನೆಯ ಸಾಲಿನಿಂದ ಇಸಾಯೊ ಎಂಬ ಅರವತ್ತೊಂಬತ್ತರ ಹೆಂಗಸು ತಲೆ ಎತ್ತಿದಳು. ಮುಖ ಬಿಳಿಚಿಕೊಂಡಿತ್ತು.

"ಅಕ್ಕಾ, ಆ ಉಪ್ಪು ಹಾಕಿದ್ದು ನಾನಲ್ವಾ?"

"ನೀನ್ಯಾಕೆ ಹಾಕ್ತೀಯ?"

"ನೀನು ದೋಣಿ ಹತ್ರ ಹೋಗಿದ್ದೆ. ಉಪ್ಪು ಬಿದ್ದಿಲ್ಲ ಅಂದ್ಕೊಂಡು ನಾನು ಹಾಕ್ದೆ. ಆಮೇಲೆ ತೊಟ್ಟಿ ಹಾಳಾಯ್ತು. ನಾನೇ ಮರ್ತು ಎರಡು ಸಲ ಹಾಕ್ಬಿಟ್ಟೆ ಅಂತ ಆವತ್ತಿಂದ ಪುಡಿ ಕುಡೀತಿದೀನಿ."

ಸುಗಿನೊ ಅಜ್ಜಿ ಬೆರಳು ಮಡಚಿ ಲೆಕ್ಕ ಹಾಕಿದಳು. ನಾನು ದೋಣಿ ಹತ್ತಿರ ಹೋಗುವ ಮುಂಚೆ ಒಂದು ಸಲ ಹಾಕಿದ್ದು ನೆನಪಿದೆ, ಎರಡನೆಯದು ನೆನಪಿಲ್ಲ ಎಂದಳು. ನನಗೂ ಒಂದೇ ನೆನಪಿರುವುದು ಎಂದಳು ಇಸಾಯೊ. ಕಾಜಿ-ಸಾನ್ ಗೋಡೆಗೆ ಒರಗಿ ನಿಂತಿದ್ದವಳು ಮುಖ ಮುಚ್ಚಿಕೊಂಡಳು, ನಗುವಿಗೆ ಅವಳ ಭುಜ ಕುಲುಕುತ್ತಿತ್ತು. ಸುಗಿನೊ ಒಂದು ಸಲ, ಇಸಾಯೊ ಒಂದು ಸಲ. ಯಾರೂ ಏನೂ ಮರೆತಿರಲಿಲ್ಲ.

ಆಮೇಲೆ ಆದದ್ದನ್ನು ಸಭೆ ಎನ್ನುವುದು ಕಷ್ಟ. ಆವತ್ತು ಅದೇ ತೊಟ್ಟಿಯ ಸುತ್ತ ಇದ್ದ ಇನ್ನೂ ಮೂವರು, ಹಾಳಾದದ್ದು ತಮ್ಮ ಕೈಯಿಂದಲೇ ಎಂದು ತಿಳಿದು ಪುಡಿ ಹಿಡಿದಿದ್ದರು. ಒಬ್ಬಳು ಉಪ್ಪು ಅಳೆದು ಕೊಟ್ಟವಳು, ತಾನೇ ಎರಡು ಸಲ ಅಳೆದೆನೆಂದುಕೊಂಡಿದ್ದಳು. ಉಳಿದವರದು ಬೇರೆ ಬೇರೆ ಕಥೆ. ಅಳಿಯನ ಹೆಸರು ಬಾಯಿಗೆ ಬಾರದೆ ಹೋದದ್ದು, ಒಲೆಯ ಮೇಲೆ ಮೀನು ಕರಕಾದದ್ದು. ಪ್ರತಿಯೊಬ್ಬಳೂ ದ್ವೀಪದಲ್ಲಿ ಪುಡಿ ಕುಡಿಯುವವಳು ತಾನೊಬ್ಬಳೇ ಎಂದು ವರ್ಷಗಟ್ಟಲೆ ಬಚ್ಚಿಟ್ಟುಕೊಂಡು ಬದುಕಿದ್ದಳು. ಪೆಟ್ಟಿಗೆಯವನು ಹನ್ನೊಂದು ಮನೆಯಲ್ಲಿ ಹನ್ನೊಂದು ಮಾತು ಕೊಟ್ಟು ಹನ್ನೊಂದನ್ನೂ ಉಳಿಸಿಕೊಂಡಿದ್ದ. ಅಂಥ ನಂಬಿಕಸ್ಥ ಇನ್ನೊಬ್ಬ ಸಿಗಲಾರ, ಮುಂದಿನ ಸಲ ಬಂದರೆ ಕೈಕಾಲು ಮುರಿಯುತ್ತೇವೆ ಎಂದು ಹೆಂಗಸರು ಒಟ್ಟಾಗಿ ತೀರ್ಮಾನಿಸಿದರು.

ನಗು ಇಳಿದ ಮೇಲೆ ಸುಗಿನೊ ಅಜ್ಜಿ ತೊಮೊಎಯ ಹತ್ತಿರ ಕುಂಟುತ್ತ ಬಂದಳು. ನಿನ್ನ ಕೆಲಸ ಏನಾಗುತ್ತದೆ ಎಂದು ನೇರವಾಗಿ ಕೇಳಿದಳು. ತೊಮೊಎ ಸುಳ್ಳು ಹೇಳಲು ಹೋಗಲಿಲ್ಲ. ಈ ತಿಂಗಳಿಗೆ ಮುಗಿಯುತ್ತದೆ ಎಂದಳು.

"ನೀನು ಒಬ್ಳೇ ಕುಡಿದು ಅಳೆದ್ರೆ ಯಾರು ನಂಬ್ತಾರೆ? ನಾವು ಹನ್ನೊಂದು ಜನ ಇದೀವಿ. ಇವತ್ತು ರಕ್ತ ತಗೋ. ಪುಡಿ ಬಿಡ್ತೀವಿ. ಹತ್ತು ದಿನ ಬಿಟ್ಟು ಮತ್ತೆ ತಗೋ. ಡಾಕ್ಟ್ರು ಮಾತ್ರೆ ಜಾಸ್ತಿ ಮಾಡಿದ್ಮೇಲೆ ಇನ್ನೊಂದು ಸಲ ತಗೋ. ಬರಿ ಅದನ್ನ."

ಒಂಜಿ ಬೇರು ಅಂಕಿ ಏರಿಸುತ್ತದೆಂಬುದು ಹಳೆಯ ವಿಷಯ, ಕಾಗದದಲ್ಲೇ ಇದೆ ಎಂದು ತೊಮೊಎ ಹೇಳಿದಳು. ಹಳೆಯದಾದರೆ ನಿನಗ್ಯಾಕೆ ಗೊತ್ತಿರಲಿಲ್ಲ ಎಂದು ಅಜ್ಜಿ ಕೇಳಿದ್ದು ತೊಮೊಎಯನ್ನು ಯೋಚನೆಗೆ ಹಚ್ಚಿತು. ತನಗೆ ಗೊತ್ತಿಲ್ಲದ್ದು, ಪ್ರೊಫೆಸರಿಗೆ ಗೊತ್ತಿಲ್ಲದ್ದು, ಇನ್ನೂ ಎಷ್ಟು ಆಸ್ಪತ್ರೆಗಳಲ್ಲಿ ಎಷ್ಟು ಜನರಿಗೆ ಗೊತ್ತಿಲ್ಲವೋ. ಕೇಳಬೇಕಾದ ಪ್ರಶ್ನೆಯನ್ನು ಕೇಳುವವರೇ ಇಲ್ಲ, ಹೇಳಬೇಕಾದವರು ನಾಚಿಕೆಯಿಂದ ಹೇಳುವುದಿಲ್ಲ. ಅವಳು ಯೋಚಿಸುತ್ತಿರುವಾಗಲೇ ಹೆಂಗಸರು ರಕ್ತ ಕೊಡಲು ತೋಳಿನ ಬಟ್ಟೆ ಮಡಚಿಕೊಂಡು ಸಾಲು ನಿಂತಾಗಿತ್ತು. ಪ್ರೊಫೆಸರ್ ಹತ್ತಿರ ಒಪ್ಪಿಗೆ ಕೇಳದೆ ಏನೂ ಮಾಡುವಂತಿಲ್ಲ ಎಂದು ಅವರನ್ನು ಕೂರಿಸಬೇಕಾದರೆ ಕಾಜಿ-ಸಾನ್‌ಗೆ ಸಾಕುಸಾಕಾಯಿತು.

ಪ್ರೊಫೆಸರ್ ಇನೊಕುಚಿ ಫೋನಿನಲ್ಲಿ ಇಡೀ ಕಥೆ ಕೇಳಿ, ಉಪ್ಪಿನ ಭಾಗವನ್ನು ಇನ್ನೊಂದು ಸಲ ಹೇಳಿಸಿ, ಮನಸಾರೆ ನಕ್ಕರು. ಮಾರನೆಯ ದಿನ ಆಡಳಿತದವರ ಕೋಣೆಗೆ ಹೋಗಿ, ತಣ್ಣಗಿನ ಚಹಾಕ್ಕೆ ಕೂಗುವಷ್ಟೇ ಜೋರಾಗಿ ಕೂಗಾಡಿ ಬಂದರು. ಕಾಯಂ ಆಗಲಿಲ್ಲ. ಒಂದು ವರ್ಷದ ಅವಧಿ ಸಿಕ್ಕಿತು. ತೊಮೊಎಗೆ ಅಷ್ಟೇ ಸಾಕಾಗಿತ್ತು, ಅವಳು ಆ ಸಲ ತನ್ನ ಸಂತೋಷವನ್ನು ಎದುರು ಮೇಜಿನವಳಿಗೆ ಹೇಳಿಯೂ ಹೇಳಿದಳು.

ಒಪ್ಪಿಗೆ ಪತ್ರಗಳ ಕೆಲಸ ಮುಗಿದ ಮೇಲೆ ರಕ್ತ ತೆಗೆದರು. ಪುಡಿ ಬಿಟ್ಟು ಹತ್ತು ದಿನಕ್ಕೆ ಹನ್ನೊಂದೂ ಅಂಕಿಗಳು ದೊಪ್ಪೆಂದು ಬಿದ್ದವು. ಇಪ್ಪತ್ತೆರಡಿದ್ದ ಸುಗಿನೊ ಅಜ್ಜಿಯದು ಮೂರು. ಡಾಕ್ಟರು ಆ ಹನ್ನೊಂದು ಜನಕ್ಕೂ ಔಷಧಿ ಬದಲಾಯಿಸಿದರು, ಈ ಸಲ ಯಾರೂ ಎದುರಾಡಲಿಲ್ಲ. ಅಜ್ಜಿಯ ಎಡಗಣ್ಣಿನ ಹಿಂದೆ ರಕ್ತ ಒಸರಲು ಶುರುವಾಗಿತ್ತು. ಇನ್ನು ಆರು ತಿಂಗಳು ತಡವಾಗಿದ್ದರೆ ಆ ಕಣ್ಣು ಹೋಗುತ್ತಿತ್ತು ಎಂದು ಕಣ್ಣಿನ ಡಾಕ್ಟರು ಹೇಳಿ, ಲೇಸರ್ ಬೆಳಕಿನಿಂದ ಸುಟ್ಟು ನಿಲ್ಲಿಸಿದರು. ಜ್ಞಾಪಕಶಕ್ತಿಯ ಪರೀಕ್ಷೆಯನ್ನೂ ಮಾಡಿಸಿದಳು ಕಾಜಿ-ಸಾನ್. ಮೂವತ್ತಕ್ಕೆ ಇಪ್ಪತ್ತೆಂಟು ಬಂತು. ಆ ಎರಡು ಯಾಕೆ ಹೋಯಿತು ಎಂದು ಅಜ್ಜಿ ಪರೀಕ್ಷೆ ಮಾಡಿದವರ ಜತೆ ಜಗಳಕ್ಕೆ ನಿಂತಳಂತೆ.

ಸೆಪ್ಟೆಂಬರಿನಲ್ಲಿ ತೊಮೊಎ ಕೊನೆಯ ಫಲಿತಾಂಶ ಹಿಡಿದು ದ್ವೀಪಕ್ಕೆ ಹೋದಳು. ವಾಕಾಮೆಯ ಕಾಲವಲ್ಲ, ಕೊಟ್ಟಿಗೆಯಲ್ಲಿ ಹೆಂಗಸರು ಮುಂದಿನ ವರ್ಷದ ಹಗ್ಗ ಸರಿಪಡಿಸುತ್ತಿದ್ದರು. ಸುಗಿನೊ ಅಜ್ಜಿ ಕೈ ಒರೆಸಿಕೊಂಡು ಚೀಟಿ ತೆಗೆದುಕೊಂಡಳು. ಕನ್ನಡಕವಿಲ್ಲದೆ ಎಡಗಣ್ಣಿಗೆ ಹತ್ತಿರ ಹಿಡಿದು ಓದಿದಳು. ಒಂಬತ್ತು ಪಾಯಿಂಟ್ ಆರು.

ಇನ್ನೂ ಹದಿನಾಲ್ಕು ಮುಟ್ಟಿಲ್ಲ ಅಜ್ಜಿ, ಆದರೆ ಏರುತ್ತಿದೆ ಎಂದು ತೊಮೊಎ ಸಮಾಧಾನ ಹೇಳಲು ಹೋದಳು. ಮೊದಲು ಇಪ್ಪತ್ತೆರಡು ಇತ್ತಲ್ಲ ಎಂದು ಪಕ್ಕದಿಂದ ಇಸಾಯೊ ಕಾಲೆಳೆದಳು.

"ಆ ಇಪ್ಪತ್ತೆರಡು ಪುಡಿದು," ಎಂದಳು ಸುಗಿನೊ ಅಜ್ಜಿ. "ಇದು ನಂದು."

ಹೇಳಿ, ಹಗ್ಗದ ರಾಶಿ ದಾಟಿ ಗೋಡೆಯ ಹತ್ತಿರ ಹೋಗಿ, ಎಲ್ಲರಿಗೂ ಕಾಣುವಷ್ಟು ಎತ್ತರಕ್ಕೆ, ತನ್ನ ಹೆಸರು ಮೇಲೆ ಬರುವ ಹಾಗೆ ಚೀಟಿ ಅಂಟಿಸಿದಳು. ಆಮೇಲೆ ಇಸಾಯೊ ಕಡೆ ತಿರುಗಿ, ನಿನ್ನದು ಎಷ್ಟು ತೋರಿಸು ಎಂದು ಕೈ ಚಾಚಿದಳು.